ಹೊಸ ಬಣ್ಣದ ಲಿನೆಟ್

ಸುಳ್ಳು ಹೇಳುವವರು ಮುಖ ಬಿಗಿದುಕೊಂಡಿರುತ್ತಾರೆ; ಇದನ್ನು ನಗುತ್ತ ಹೇಳುತ್ತಿರುವುದರಿಂದ ನಿಜವೆಂದೇ ತಿಳಿಯಿರಿ.

ಸಾವಿರದ ಒಂಬೈನೂರ ಎಪ್ಪತ್ತೊಂದರ ಜೂನ್. ಬ್ರಾನ್‌ಸ್ಟನ್ ಕಾಲುವೆಯ ಬದಿಯಲ್ಲಿ ಸರಕು ಸಾಗಿಸುತ್ತಿದ್ದ ಹನ್ನೊಂದು ಮುದಿ ದೋಣಿಗಳು ಸಾಲಾಗಿ ನಿಂತಿದ್ದವು. ಮ್ಯೂಸಿಯಮ್ಮಿನಲ್ಲಿ ಜಾಗವಿದ್ದದ್ದು ಒಂದಕ್ಕೆ, ಉಳಿದವು ಗರಗಸಕ್ಕೆ. ಅವುಗಳಲ್ಲೊಂದು ಲಿನೆಟ್. ಹೆಪ್ಸಿ ಟ್ರಾಂಟರ್ ಹುಟ್ಟಿದ್ದೂ ಅದರ ಗುಬ್ಬಿಗೂಡಿನಂಥ ಕೋಣೆಯಲ್ಲೇ, ಚುಕ್ಕಾಣಿ ಹಿಡಿದು ಮುದುಕಿಯಾದದ್ದೂ ಅದರಲ್ಲೇ. ವಾರದಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ.

ಆರಿಸಲು ಬಂದವರು ನಿವೃತ್ತ ಮೇಷ್ಟ್ರು ಲೀಥಮ್. ಮೊಳೆಯ ತಲೆ ನೋಡಿ ಯಾವ ಊರಿನ ಬಡಗಿಯ ಕೆಲಸವೆಂದು ಹೇಳಬಲ್ಲವರು. ಆ ಕಣ್ಣಿನ ಮೇಲೆ ಹೆಪ್ಸಿಗೂ ಗೌರವವೇ. ಆದರೆ ಅವರು ಲಿನೆಟ್ ಮುಂದೆ ಅರೆಗಳಿಗೆಯೂ ನಿಲ್ಲಲಿಲ್ಲ.

"ಬಣ್ಣ ಹೊಸದು, ಹೆಪ್ಸಿಯಮ್ಮ. ಮೂಲ ಬಣ್ಣ ಇರೋದನ್ನ ಮಾತ್ರ ಉಳಿಸ್ಬೇಕು ಅಂತ ನಿಯಮ."

"ಹೋಗ್ಲಿ ಬಿಡಿ ಮೇಷ್ಟ್ರೇ, ಟೀ ಆದ್ರೂ ಕುಡ್ಕೊಂಡ್ ಹೋಗಿ."

ಒಳಗೆ ಒಲೆಯ ಪಕ್ಕ ಒಂದು ನೀರಿನ ಕ್ಯಾನು. ಮಸಿ ಹಿಡಿದಿತ್ತು, ಮೇಲೆ ಬರೆದಿದ್ದ ಗುಲಾಬಿಗಳು ಮಾಸಿ, ಕೋಟೆಯ ಗೋಪುರ ಅರ್ಧ ಅಳಿಸಿಹೋಗಿತ್ತು. ಮೇಷ್ಟ್ರು ಮಂಡಿಯೂರಿದರು. ಟೀ ಆರಿತು.

"ಎಂಬತ್ತು ವರ್ಷಕ್ಕೆ ಕಮ್ಮಿ ಇಲ್ಲ! ಈ ಎಸಳು ನೋಡಿ, ಕುಂಚದ ಒಂದೇ ಎಳೆತ. ಎಡಗೈಯವನು. ಇಂಥ ಕೈ ಈ ಕಾಲುವೇಲಿ ಒಂದೇ ಇತ್ತು, ಜೋಬ್ ಟ್ರಾಂಟರ್!"

"ಇಂಥ ಕೈ ಈ ಕಾಲುವೇಲಿ ಒಂದೇ ಇತ್ತು!" ಹೊರಗಿನಿಂದ ಅದೇ ದನಿ. ಅಣಕಿಸಿದ್ದು ಹೆಪ್ಸಿಯ ತಮ್ಮ ಏಬೆಲ್. ಮೇಷ್ಟ್ರ ಮೂಗಿನ ರಾಗವನ್ನೂ ಬಿಟ್ಟಿರಲಿಲ್ಲ.

"ಸುಮ್ನಿರೋ ಕೋತಿ!" ಎಂದು ಗದರಿ ಹೆಪ್ಸಿ ಎಡಗೈಗೆ ಕುಂಚ ತೆಗೆದುಕೊಂಡಳು. ತಟ್ಟೆಯೊಂದರ ಮೇಲೆ ಐದೇ ಎಳೆತದಲ್ಲಿ ಗುಲಾಬಿ ಅರಳಿಸಿದಳು. ಅದೇ ಎಸಳು.

"ನಿಮ್ಮ ನಿಯಮದ ಸುದ್ದಿ ಕಿವಿಗೆ ಬಿದ್ದ ದಿನಾನೇ ಬರೆದದ್ದು ಈ ಕ್ಯಾನು. ಈಸ್ಟರ್ ಆದ್ಮೇಲೆ, ಎರಡು ತಿಂಗ್ಳಾಯ್ತು. ಏಬೆಲ್ ಮಸಿ, ಟೀಸೊಪ್ಪು ಹಾಕಿ ತಿಕ್ಕಿದ. ಜೋಬ್ ನಮ್ಮಜ್ಜ. ಅಜ್ಜ ಅಮ್ಮಂಗೆ ಕಲಿಸ್ದ, ಅಮ್ಮ ನಂಗೆ. ಮೂರು ವರ್ಷಕ್ಕೊಂದ್ಸಲ ಬಣ್ಣ ಬಳೀದಿದ್ರೆ ನಮ್ಮೋರಲ್ಲಿ ಮಾನ ಹೋಗ್ತಿತ್ತು, ಮೇಷ್ಟ್ರೇ. ಹಳೇ ಬಣ್ಣ ಉಳ್ಕೊಂಡಿದೆ ಅಂದ್ರೆ ಆ ದೋಣಿ ಯಾವತ್ತೋ ದುಡಿಯೋದು ಬಿಟ್ಟಿದೆ ಅಂತ. ನಮ್ಮ ಲಿನೆಟ್ ಹೋದ ವರ್ಷದವರೆಗೂ ಕಲ್ಲಿದ್ದಲು ಹೊತ್ತೋಳು!"

ಮೇಷ್ಟ್ರ ಕಿವಿ ಕೆಂಪಾಯಿತು. ಎದ್ದು ಹೊರಗೆ ಹೋದರು. ತಮಾಷೆ ಅತಿಯಾಯಿತೇ ಎಂದುಕೊಳ್ಳುತ್ತ ಹೆಪ್ಸಿ ಹಿಂದೆಯೇ ಹೊರಬಂದಳು.

ಅವರು ಕೋಣೆಯಂಚಿನ ಕಬ್ಬಿಣದ ಪಟ್ಟಿಯ ಮೇಲೆ ಕೈಯಾಡಿಸುತ್ತಿದ್ದರು. ದೋಣಿಯನ್ನು ದಡದಿಂದ ಕುದುರೆ ಎಳೆಯುತ್ತಿದ್ದ ಕಾಲದ ಹಗ್ಗ ಉಜ್ಜಿ ಉಜ್ಜಿ ಅಲ್ಲಿ ಬೆರಳು ಮುಳುಗುವಷ್ಟು ಆಳದ ಗೀರು ಕೊರೆದಿತ್ತು. ಅದರ ಪಕ್ಕದ ಬಣ್ಣವನ್ನು ಉಗುರಿನಿಂದ ಕೆರೆದರು. ಹಸಿರಿನಡಿ ಕೆಂಪು, ಕೆಂಪಿನಡಿ ನೀಲಿ, ಅದರಡಿ ಮತ್ತೆ ಹಸಿರು.

ನೋಟ್‌ಬುಕ್ ತೆಗೆದು ಬರೆದು, ಗಟ್ಟಿಯಾಗಿ ಓದಿದರು: "ಉಳಿಸಬೇಕಾದದ್ದು ಲಿನೆಟ್; ಬಣ್ಣ ಬಳಿಯಲು ಹೆಪ್ಸಿಯಮ್ಮನ ಸಮೇತ. ಎರಡು ತಿಂಗಳ ಕ್ಯಾನಿಗೆ ಮಂಡಿಯೂರಿ ನಮಸ್ಕರಿಸಿ ಇದನ್ನು ತೀರ್ಮಾನಿಸಿದವರು, ತಜ್ಞ ಲೀಥಮ್."

ಏಬೆಲ್ ಕಿಸಕ್ಕನೆ ನಕ್ಕ. ಹೆಪ್ಸಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಮೇಷ್ಟ್ರ ನಗುವಿಗೆ ಮಾತ್ರ ಬಾತುಕೋಳಿಗಳೆಲ್ಲ ಬೆಚ್ಚಿ ಆಚೆ ದಡಕ್ಕೆ ಹಾರಿದವು.