ಅಗಲದ ಹಲಗೆ

"ಇದು ಹಲಗೆಯಲ್ಲ ಕಣೇ, ಮಂಚ! ಹಾಸಿಗೆ ಹಾಸ್ಕೊಂಡು ಮಲಗಬೇಕಷ್ಟೆ ಇದರ ಮೇಲೆ," ಎಂದಳು ಕವೇನಾ.

ಲೆಹುವಾ ನಕ್ಕಳು. ನಿಂತುಕೊಂಡು ಹುಟ್ಟು ಹಾಕುವ ಹಲಗೆಗಳನ್ನು ಬಾಡಿಗೆಗೆ ಕೊಡುವುದು, ಹೊಸಬರಿಗೆ ಕಲಿಸುವುದು ಅವಳ ಕಸುಬು. ರೀಡ್ಸ್ ಬೇ ಎಂಬ ಕಡಲ ಕೊಲ್ಲಿಯ ಈ ಮೂಲೆಯಲ್ಲಿ ನೀರು ಕೆರೆಯ ಹಾಗೆ ಸುಮ್ಮನಿರುತ್ತದೆ. ಹಿಲೋ ಊರಿನವರು ನಿಲ್ಲಲು ಕಲಿಯುವುದೂ ಇಲ್ಲೇ, ಬೀಳುವುದೂ ಇಲ್ಲೇ.

"ಅಗಲ ಇದ್ರೆ ಅಲುಗಾಡಲ್ಲ ಆಂಟಿ. ಮೊದಲು ನಿಲ್ಲಿ, ಓಡಿಸೋದು ಆಮೇಲೆ."

"ನನಗೇ ಹೇಳಿಕೊಡ್ತೀಯಾ? ನಿಮ್ಮಮ್ಮ ಸ್ಕೂಲಿಗೆ ಹೋಗ್ತಿದ್ದಾಗ್ಲೇ ನಾನು ದೋಣೀಲಿ ಕೂತಿದ್ದೆ."

ಅದು ಸುಳ್ಳಲ್ಲ. ಊರಿನ ದೋಣಿ ಪಂದ್ಯದ ಕ್ಲಬ್ಬಿನಲ್ಲಿ, ಆರು ಜನರ ದೋಣಿಯ ಮೂರನೆಯ ಜಾಗ ಕವೇನಾಳದೇ ಆಗಿತ್ತು. ಸೊಂಟದ ಕೀಲು ಬದಲಾಯಿಸಿದ ಡಾಕ್ಟರು, ನಿಲ್ಲಬಹುದು, ನಡೆಯಬಹುದು, ಆದರೆ ದೋಣಿಯಲ್ಲಿ ಕೂತು ಮೈ ತಿರುಚುವುದು ಮಾತ್ರ ಬೇಡವೇ ಬೇಡ ಎಂದುಬಿಟ್ಟಿದ್ದರು. ಅಂದಿನಿಂದ ಅವಳು ಕಡಲಿನ ಕಡೆಯ ಕಿಟಕಿಗೆ ಪರದೆ ಎಳೆದಿಟ್ಟಿದ್ದಳು. ಗಂಡ ಮೆಲ್ವಿನ್ ಅಂಗಡಿಗೆ ಹೋಗುವಾಗಲೂ ಕಡಲು ಕಾಣದ ದಾರಿಯಲ್ಲೇ ಸುತ್ತುಹಾಕಿ ಗಾಡಿ ಓಡಿಸುತ್ತಿದ್ದ. ಇವತ್ತು ಬೆಳಿಗ್ಗೆ ಅವಳೇ ತನ್ನ ಮರದ ಹುಟ್ಟನ್ನು ಗಾಡಿಗೆ ಹಾಕಿ, "ಹಲಗೆ ಮೇಲೆ ನಿಲ್ಲೋಕೆ ಆದ್ರೆ ಆಯ್ತು. ಇಲ್ಲಾಂದ್ರೆ ಸೀದಾ ಕ್ಲಬ್ಬಿಗೆ ಹೋಗಿ ಇದನ್ನ ಯಾವುದಾದ್ರೂ ಹೊಸ ಹುಡುಗಿಗೆ ಕೊಟ್ಟುಬಿಡ್ತೀನಿ," ಎಂದಿದ್ದಳು. ಅಳದೆ ಹೇಳಿದ್ದಳು. ಮೆಲ್ವಿನ್‌ಗೆ ದಿಗಿಲಾದದ್ದು ಅದಕ್ಕೇ.

"ಈ ಹುಟ್ಟು ಗಿಡ್ಡ ಆಂಟಿ, ನಿಂತ್ರೆ ನೀರೇ ಮುಟ್ಟಲ್ಲ. ಎಲ್ಲಿ, ಕೈ ಮೇಲೆತ್ತಿ." ಲೆಹುವಾ ಉದ್ದನೆಯ ಹುಟ್ಟೊಂದನ್ನು ಅವಳ ಪಕ್ಕದಲ್ಲಿ ನಿಲ್ಲಿಸಿದಳು. ಅದರ ಹಿಡಿ ಎತ್ತಿದ ಕೈಯ ಮಣಿಕಟ್ಟಿಗೆ ಬಂತು. "ಹಾಂ, ಇದು ನಿಮ್ಮದು."

ಹುಟ್ಟಿನ ವಿಷಯದಲ್ಲಿ ಕವೇನಾ ಮಾತು ಕೇಳಿದಳು, ಹಲಗೆಯ ವಿಷಯದಲ್ಲಿ ಕೇಳಲಿಲ್ಲ. ಸಪೂರದ ಹಳದಿ ಹಲಗೆಯೇ ಬೇಕೆಂದು ಹಟ ಹಿಡಿದಳು. ಹಲಗೆಗೂ ಕಾಲಿಗೂ ಹಗ್ಗ ಬಿಗಿದದ್ದಷ್ಟೇ ಬಂತು. ಏಳುವುದು, ಬೀಳುವುದು, ಮತ್ತೆ ಏಳುವುದು. ದಡದಲ್ಲಿ ಮೆಲ್ವಿನ್ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದ. ಅವನು ನೀರಿಗೆ ಇಳಿಯುವವನಲ್ಲ. ಆರು ವರ್ಷದವನಿದ್ದಾಗ ಕಡಲು ಊರೊಳಗೆ ನುಗ್ಗಿದ್ದನ್ನು ಕಣ್ಣಾರೆ ಕಂಡವನು. ಮದುವೆಯಾದಾಗಿನಿಂದ ಪ್ರತಿ ಪಂದ್ಯದಲ್ಲೂ ಹೆಂಡತಿಯ ಚಪ್ಪಲಿ ಕಾಯುತ್ತ ದಡದಲ್ಲಿ ನಿಲ್ಲುವುದೇ ಅವನ ಕೆಲಸವಾಗಿತ್ತು.

ಕೊನೆಗೆ ಅವಳೇ ಬಾಯಿಬಿಟ್ಟಳು. "ಎಲ್ಲಿ, ಆ ಮಂಚ ತಾ."

ಅಗಲದ ಹಲಗೆಯ ಮೇಲೆ ಮೊದಲು ಮಂಡಿಯೂರಿ, ಒಂದೊಂದೇ ಪಾದ ಊರಿ ಎದ್ದು ನಿಂತಳು. ನಿಂತೇಬಿಟ್ಟಳು! ಮೆಲ್ವಿನ್ ಚಪ್ಪಲಿಗಳನ್ನು ಮೇಲೆತ್ತಿ ಕುಣಿಸಿದ. ಕವೇನಾ ಬಲಕ್ಕೆ ಹುಟ್ಟು ಹಾಕಿದಳು, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ. ಹಲಗೆ ಗಾಣದೆತ್ತಿನಂತೆ ಸುತ್ತಿ ದಡಕ್ಕೇ ಮುಖ ಮಾಡಿತು. ಮತ್ತೆ ಹೊರಟಳು, ಮತ್ತೆ ಹಾಗೆಯೇ ಆಯಿತು.

"ಆಂಟಿ, ಕೈ ಬದಲಾಯಿಸಿ! ಎಡಕ್ಕೂ ಹಾಕಿ!"

ದೋಣಿಯಲ್ಲಾದರೆ ಹಿಂದಿನಿಂದ ಒಬ್ಬರು "ಹಟ್!" ಎಂದು ಕೂಗುತ್ತಾರೆ. ಆರೂ ಜನ "ಹೋ!" ಎಂದು ಒಟ್ಟಿಗೆ ಕಡೆ ಬದಲಾಯಿಸುತ್ತಾರೆ. ಇಷ್ಟು ವರ್ಷ ಆ ಕೂಗಿಗೇ ತಿರುಗಿದ ಅವಳ ತೋಳುಗಳು ಈಗಲೂ ಅದಕ್ಕೇ ಕಾಯುತ್ತಿದ್ದವು.

ಅವಳು ದಡಕ್ಕೆ ಬಂದಳು. "ಬದಲಾಯಿಸ್ಬೇಕು ಅಂತ ಗೊತ್ತು ಕಣೇ. ಯಾರೂ ಕೂಗ್ತಾ ಇಲ್ವಲ್ಲ." "ಸಾಕು ಮೆಲ್. ಗಾಡಿ ತೆಗಿ, ಕ್ಲಬ್ಬಿಗೆ ಹೋಗೋಣ."

"ನಾನು ಇಲ್ಲಿಂದಲೇ ಕೂಗ್ಲಾ?" ಎಂದ ಮೆಲ್ವಿನ್.

"ದೂರ ಹೋದ್ರೆ ಇಲ್ಲಿಂದ ಕೂಗಿದ್ದು ಕೇಳ್ಸಲ್ಲ. ನಡಿ."

ಮೆಲ್ವಿನ್ ನಡೆಯಲಿಲ್ಲ. ನೀರನ್ನು ನೋಡಿದ, ಹಲಗೆಯನ್ನು ನೋಡಿದ. "ಲೆಹುವಾ, ಈ ಮಂಚ ಇಬ್ಬರನ್ನ ಹೊರುತ್ತಾ?"

ಲೆಹುವಾ ಅವನ ಹೊಟ್ಟೆಯ ಕಡೆ ಕಣ್ಣು ಹಾಯಿಸಿದಳು. "ಅದನ್ನೂ ಸೇರಿಸಿ ಹೊರುತ್ತೆ ಅಂಕಲ್." ನಗುತ್ತಲೇ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟು ತಂದು ಅವನ ಎದೆಗೆ ಬಿಗಿದಳು.

"ಮೆಲ್, ನಿನಗೇನು ಹುಚ್ಚೇ?"

"ಜೀವ ಹೋಗ್ತಿದೆ ಕಣೇ. ಮಾತಾಡಿಸ್ಬೇಡ."

ಅವಳ ಚಪ್ಪಲಿಯನ್ನು ಮರಳಿನ ಮೇಲಿಟ್ಟ. ಪಕ್ಕದಲ್ಲಿ ತನ್ನದನ್ನೂ ಬಿಟ್ಟ. ಮೊಣಕಾಲಿನವರೆಗಿನ ನೀರಿನಲ್ಲಿ ಒಮ್ಮೆ ನಿಂತು, ಉಸಿರು ಎಳೆದುಕೊಂಡು ಮುಂದೆ ಹೋದ. ಹಲಗೆಯ ಮುಂಭಾಗದಲ್ಲಿ ಕೂತು ಎರಡೂ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡ. ಹಿಂದೆ ಕವೇನಾ ಎದ್ದು ನಿಂತಳು. ಅವನ ಬೆನ್ನು ನಡುಗುವುದು ಹಲಗೆಯ ಮೂಲಕ ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಅವಳಿಗೆ ಅವನ ಮೇಲೆ ಉಕ್ಕಿ ಬಂದ ಪ್ರೀತಿಗೆ ಲೆಕ್ಕವೇ ಇರಲಿಲ್ಲ.

ಬಲಕ್ಕೆ ಹುಟ್ಟು ಹಾಕಿದಳು. ಹಲಗೆ ತಿರುಗತೊಡಗಿತು.

"ಹಟ್!"

ದಡದಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ್ದ. ಅವಳ ತೋಳುಗಳು ತಾವಾಗಿಯೇ ಎಡಕ್ಕೆ ಹೊರಳಿದವು.

"ಹೋ," ಎಂದಳು.

ಹಲಗೆ ನೆಟ್ಟಗೆ ಹೊರಟಿತು.

"ಎಲ್ಲಿದ್ದೀವಿ?"

"ಕಣ್ಣು ಬಿಟ್ಟು ನೋಡು."

"ಬಿಡಲ್ಲ. ಹಟ್!"

ಕೂಗು ದೂರವಾಗುತ್ತ ಹೋಯಿತು. ಮರಳಿನ ಮೇಲೆ ಎರಡು ಜೊತೆ ಚಪ್ಪಲಿಗಳು ಒಂದರ ಪಕ್ಕ ಒಂದು ಕೂತಿದ್ದವು. ತೆರೆಯ ಅಂಚು ಅವುಗಳ ಹತ್ತಿರಕ್ಕೆ ಬರುತ್ತಿರುವುದನ್ನು ಕಂಡು ಲೆಹುವಾ ಹೋಗಿ ಎರಡನ್ನೂ ಎತ್ತಿ ಹಿಡಿದುಕೊಂಡು ನಿಂತಳು.