ಒಂದು ಬಕೆಟ್, ಎಂಟು ಮಂಚ

"ಏ ಬೋಸಡಿ, ಇದೇನ್ ನಿಮ್ಮಪ್ಪ ತೋಡಿಸಿದ ಬಾವಿ ಅಂತ ತಿಳದೀಯೇನ? ಎರಡನೇ ಬಕೆಟ್ ಯಾರನ್ನ ಕೇಳಿ ತುಂಬಿದಿ?"

ಮ್ಯಾನೇಜರ ಲಕ್ಷ್ಮಪ್ಪ ಬಚ್ಚಲ ಬಾಗಿಲಲ್ಲಿ ನಿಂತು ಒದರಿದ. ಮುಮ್ತಾಜಳ ಕೈ ನಲ್ಲಿಯ ಮೇಲೇ ಉಳಿಯಿತು.

"ಮೊದಲಿನ ನೀರಾಗ ಹುಲ್ಲಪ್ಪಗ ಒರಸೇನ್ರಿ. ಕಾಲಿಂದ ಕೀವು ಸೋರಾಕ್ಹತ್ತೈತಿ. ಅದ ನೀರಿಲೆ ತುಳಸೀಬಾಯಾರ ಮೈ ಹೆಂಗ ಒರಸಲ್ರಿ?"

"ಹಿಂದಕ ಹೆಂಗ ಒರಸ್ತಿದ್ದಿ, ಹಂಗ. ಟ್ಯಾಂಕರ್ ನೀರೈತಿ. ಒಂದ್ ಬಕೆಟ್, ಎಂಟು ಮಂಚ. ಡಾಕ್ಟರ್ ನೀನೋ, ಸಾಹೇಬ್ರೋ?"

ನಲ್ಲಿ ತಿರುವಿ ಬಂದ್ ಮಾಡಿದ. ತುಂಬಿದ್ದ ಬಕೆಟ್ಟನ್ನು ತಾನೇ ಎತ್ತಿಕೊಂಡು ಹೋದ. ಅಂಗಳದಲ್ಲಿ ಅವನ ಬೈಕು ಧೂಳು ಹೊದ್ದು ನಿಂತಿತ್ತು, ಪಾಪ, ಅದಕ್ಕೂ ಸ್ನಾನ ಬೇಡವೆ!

ಬಾಗಲಕೋಟೆಯ ನವನಗರದಲ್ಲಿದ್ದ ಆ ನರ್ಸಿಂಗ್ ಹೋಮಿನ ಹಿಂದಿನ ಕೋಣೆಯಲ್ಲಿ ಎಂಟು ಮಂಚಗಳು. ಎದ್ದು ಕೂಡಲಾರದ ಎಂಟು ಜೀವಗಳು. ಅವರ ಹೇಲು ಉಚ್ಚೆ ಬಳಿಯುವುದು, ಮೈ ಒರೆಸುವುದು, ಮಗ್ಗುಲು ಹೊರಳಿಸುವುದು ಆಯಾ ಮುಮ್ತಾಜಳ ಕೆಲಸ. ಆರನೇ ಮಂಚದಲ್ಲಿ ಶಿರೂರಿನ ಹುಲ್ಲಪ್ಪ. ಸಕ್ಕರೆ ರೋಗಕ್ಕೆ ಅವನ ಪಾದ ಕೊಳೆಯುತ್ತಿತ್ತು. ಏಳನೆಯದರಲ್ಲಿ ಬಾದಾಮಿಯ ತುಳಸೀಬಾಯಿ. ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಮಲಗಿ ಮಲಗಿ ಅವರ ಬೆನ್ನ ಕೆಳಗೆ ರೂಪಾಯಿಯಗಲದ ಒಂದು ಹುಣ್ಣಾಗಿತ್ತು.

ತುಳಸೀಬಾಯಿ ಮಡಿ ಮೈಲಿಗೆಯ ಮನೆಯವರು. ಬಂದ ಹೊಸದರಲ್ಲಿ ಮುಮ್ತಾಜ ಮುಟ್ಟಿದರೆ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದರು. ಕುಂಡಿ ತೊಳೆಯುವ ಕೈಗೆ ಯಾವ ಜಾತಿ? ಹದಿನೈದು ದಿನಕ್ಕೆ ಗೊಣಗುವುದು ನಿಂತಿತು. ತಿಂಗಳಿಗೆ, "ಬಾ ತಂಗಿ" ಎನ್ನತೊಡಗಿದರು.

ಆ ದಿನ ಮುಮ್ತಾಜ ಹುಲ್ಲಪ್ಪನನ್ನು ಒರೆಸಿದ ಅದೇ ಬಕೆಟ್ಟಿನಿಂದ ಅರಿವೆ ಹಿಂಡಿಕೊಂಡು ಬಂದಾಗ ತುಳಸೀಬಾಯಿ ಮೂಗು ಸೊಟ್ಟ ಮಾಡಿದರು.

"ಅದನ್ನ ಹಚ್ಚಬ್ಯಾಡ ತಂಗಿ. ಮಡಿ ಅಂತ ಅಲ್ಲವ್ವ. ವಾಸನಿ ಬರ್ಲಿಕ್ಹತ್ಯದ. ಬೆನ್ನು ಉರಿತದ."

ಮುಮ್ತಾಜ ಅರಿವೆ ಕೆಳಗಿಟ್ಟು, ತನ್ನ ಕುಡಿಯುವ ನೀರಿನ ಬಾಟಲಿಯಿಂದ ಸೆರಗು ತೋಯಿಸಿ ಅವರ ಬೆನ್ನು ಒರೆಸಿದಳು.

ಅವಳ ಅಪ್ಪ ಯಾಕೂಬಸಾಬ ಇಳಕಲ್ಲಿನಲ್ಲಿ ಮಗ್ಗ ಹಾಕಿದವನು. ಅವನು ನೇಯ್ದು ಕೊಟ್ಟ ಹಳೆಯ ಸೀರೆಯೊಂದು ಟ್ರಂಕಿನ ತಳದಲ್ಲಿತ್ತು. ಭಾನುವಾರ ಅದನ್ನು ತೆಗೆದು, ಮೂಗಿಗೆ ಹಿಡಿದು, ಆಮೇಲೆ ಪರಪರ ಹರಿದಳು. ಎಂಟು ತುಂಡು. ಎಂಟಕ್ಕೂ ಒಂದೊಂದು ಬಣ್ಣದ ನೂಲಿನ ಗಂಟು. ಮಗ್ಗದವರ ಮಗಳಿಗೆ ನಂಬರಿಗಿಂತ ಬಣ್ಣ ಬೇಗ ತಿಳಿಯುತ್ತದೆ. ಬೆಳಿಗ್ಗೆ ಶುದ್ಧ ನೀರಿನಲ್ಲಿ ಎಂಟನ್ನೂ ಅದ್ದಿ ಹಿಂಡಿ ಮಂಚಕ್ಕೊಂದು ಇಡುವುದು. ಬಳಸಿದ್ದು ಮತ್ತೆ ಬಕೆಟ್ಟಿಗೆ ಬೀಳಬಾರದು. ಸಂಜೆ ಚೀಲದಲ್ಲಿ ಮನೆಗೊಯ್ದು ಕುದಿಸಿ ಒಣಗಿಸಿ ತರುವುದು. ಅವಳೇ ಮಾಡಿಕೊಂಡ ಕಾಯಿದೆ ಅದು.

"ನಂದು ಯಾವ ಬಣ್ಣದ್ದ?" ತುಳಸೀಬಾಯಿ ಕೇಳಿದರು.

"ನಿಮಗ ಯಾವುದು ಬೇಕು ಹೇಳ್ರಿ ಬಾಯಾರ."

ಮುದುಕಿ ಬಲಗೈ ಚಾಚಿದರು. "ಹಸರು ಕೊಡು. ಅವರು ಹೋದಮ್ಯಾಲ ಮೂವತ್ತು ವರ್ಷಾತು, ಹಸರು ಮುಟ್ಟಿಲ್ಲ ನಾ."

ನರ್ಸ್ ಭಾಗ್ಯಜ್ಯೋತಿ ನಕ್ಕಳು. "ನಿನಗ್ಯಾಕಬೇ ಇಲ್ಲದ ಉಸಾಬರಿ? ಊರಿಗೆ ಉಪಕಾರ ಮಾಡಬಾರದು, ಹೆಣಕ್ಕ ಸಿಂಗಾರ ಮಾಡಬಾರದು." ನಕ್ಕರೂ, ಮೂರು ವಾರ ಕಳೆದ ಮೇಲೆ ತುಳಸೀಬಾಯಿಯವರ ಹುಣ್ಣು ನೋಡಿ ಅವಳೇ ಹೇಳಿದಳು, ಅಂಚು ಕೆಂಪಗಾಗಿ ಮಾಯುತ್ತಿದೆಯೆಂದು. ಅಂದು ಮುಮ್ತಾಜಳಿಗೆ ರೊಟ್ಟಿ ಎರಡು ಹೆಚ್ಚೇ ಸೇರಿದವು.

ಅಷ್ಟರಲ್ಲಿ ತಪಾಸಣೆ ಬಂತು. ಸ್ವಚ್ಛತೆಗೆ ಸರ್ಟಿಫಿಕೇಟು ಕೊಡುವವರಂತೆ, ದೂರದಿಂದ ಬರುವವರಂತೆ. ಹಿಂದಿನ ದಿನವೇ ಮಂಚಕ್ಕೊಂದು ಸ್ಯಾನಿಟೈಜರ್ ಬಾಟಲಿ, ಪ್ಲಾಸ್ಟಿಕ್ಕಿನೊಳಗೆ ಮಡಚಿದ ಬಿಳಿ ಟವೆಲ್ಲು, ಮೂರು ಬಣ್ಣದ ಕಸದ ಡಬ್ಬಿಗಳು ಬಂದವು. ಗೋಡೆಗೆ ಕೈ ತೊಳೆಯುವ ಆರು ಚಿತ್ರಗಳ ಹಾಳೆ ಅಂಟಿತು. ಲಕ್ಷ್ಮಪ್ಪ ಎಂಟು ಅರಿವೆಗಳನ್ನು ಕೋಲಿನಿಂದ ಎತ್ತಿದ.

"ಚಿಂದಿ ಆರಸವ್ರ ಗುಡಸಲಾ ಮಾಡೀಯಲ್ಲಲೇ ದವಾಖಾನಿ! ಸುಡತೇನಿ ಇವನ್ನ."

"ಸುಡಬ್ಯಾಡ್ರಿ ಸರ. ಮನಿಗೆ ಒಯ್ತೇನಿ. ಕೈ ಮುಗೀತೇನಿ."

ಕಾಂಪೌಂಡಿನ ಮೂಲೆಯಲ್ಲಿ ಸೀಮೆಎಣ್ಣೆ ಬಿತ್ತು. ಇಳಕಲ್ ಸೀರೆ ಉರಿಯಲು ಎಷ್ಟು ಹೊತ್ತು? ಅವಳಪ್ಪ ಅದನ್ನು ನೇಯಲು ಹನ್ನೆರಡು ದಿನ ತೆಗೆದುಕೊಂಡಿದ್ದ.

ಮರುದಿನ ತಪಾಸಣೆಯ ಹೆಣ್ಣುಮಗಳು ಮುಮ್ತಾಜಳನ್ನೇ ಕರೆದಳು. "ಕೈ ಹೇಗೆ ತೊಳೀತೀರಿ ತೋರಿಸಿ."

ನಲ್ಲಿಯಲ್ಲಿ ನೀರಿರಲಿಲ್ಲ. ಲಕ್ಷ್ಮಪ್ಪ ಬಂದವರ ಬೆನ್ನ ಹಿಂದಿನಿಂದ ಕಣ್ಣು ಕಿಸಿದ. ಮುಮ್ತಾಜ ಒಣ ಕೈ ಎತ್ತಿ ಗಾಳಿಯಲ್ಲೇ ತೊಳೆದಳು. ಅಂಗೈಗೆ ಅಂಗೈ, ಬೆರಳ ಸಂದು, ಹೆಬ್ಬೆರಳು, ಉಗುರು, ಹಿಂದಿನ ಸಂಜೆ ಬಾಯಿಪಾಠ ಮಾಡಿಸಿದಂತೆ ಆರೂ ನಮೂನೆ. ಬಂದವರು ಚಪ್ಪಾಳೆ ತಟ್ಟಿದರು. ನಾಚಿಕೆಯಿಂದ ಅವಳಿಗೆ ನೆಲ ಬಾಯಿಬಿಡಬಾರದೆ ಎನ್ನಿಸಿತು.

ಅವರ ಕಾರು ತಿರುವು ದಾಟಿತೋ ಇಲ್ಲವೋ, ಬಾಟಲಿ ಟವೆಲ್ಲುಗಳೆಲ್ಲ ಕಪಾಟು ಸೇರಿ ಕೀಲಿ ಬಿತ್ತು. ಮುಮ್ತಾಜಳ ಕೈಗೆ ಸಿಕ್ಕಿದ್ದು ಒಂದೇ ಒಂದು ಟರ್ಕಿ ಟವೆಲ್ಲು, ಎಂಟು ಮಂಚಕ್ಕೂ. ಅವಳು ಧೈರ್ಯ ಮಾಡಿ ಡಾಕ್ಟರ ಕೋಣೆಗೇ ಹೋದಳು. ಡಾಕ್ಟರ ಆನಂದ ಸಿಟ್ಟಾಗುವ ಮನುಷ್ಯನಲ್ಲ. ಮೆಲ್ಲಗೆ ಮಾತಾಡಿ ಚರ್ಮ ಸುಲಿಯುವವನು.

"ಸಾಹೇಬ್ರ, ಮತ್ತೊಂದು ಹಳೀ ಸೀರಿ ಹರಕೊಂಡು ತರ್ತೇನ್ರಿ. ನಿಮಗೇನೂ ಖರ್ಚಿಲ್ರಿ."

"ನೋಡವಾ, ಇನ್ನ ಇದು ಸರ್ಟಿಫಿಕೇಟ್ ಇದ್ದ ದವಾಖಾನಿ ಆಗೋದೈತಿ. ನಿಮ್ಮ ಓಣಿ ಹೊಲಸು ಅರಿವಿ ಇಲ್ಲಿ ತರಬ್ಯಾಡ. ತಂದ್ರ, ಅರಿವಿ ಜೋಡಿ ನೀನೂ ಹೊರಗಿರ್ತಿ. ತಿಳೀತಿಲ್ಲೊ?"

ಮನೆಯಲ್ಲಿ ಹತ್ತನೇ ಇಯತ್ತೆಯ ಮಗಳು ಖುಶನುಮಾ. ಗಂಡ ಮಣ್ಣಾಗಿ ನಾಲ್ಕು ವರ್ಷ. ಮುಮ್ತಾಜ ಟವೆಲ್ಲು ಹಿಡಿದು ಹೊರಬಂದಳು.

ಒಂಬತ್ತು ದಿನ ಅವಳು ಅದೇ ಬಕೆಟ್ಟು, ಅದೇ ಟವೆಲ್ಲು ಹಿಡಿದು ಸುತ್ತಿದಳು. ಮುಂಜಾನೆ ತುಳಸೀಬಾಯಿಯವರಿಂದಲೇ ಶುರುಮಾಡುವಳು, ನೀರು ತಿಳಿಯಿರುವಾಗಲೇ ಆಗಿಹೋಗಲಿ ಎಂದು. ಆದರೆ ಮುದುಕಿಯ ದೇಹ ಮುಂಜಾನೆಯೊಂದೇ ಹೊತ್ತಿಗೆ ಹೊಲಸಾಗುತ್ತದೆಯೆ? ಮಧ್ಯಾಹ್ನ ಮಲಗಿದಲ್ಲೇ ಹೇಲು ಹೋಗುತ್ತಿತ್ತು, ಸಂಜೆ ಹೋಗುತ್ತಿತ್ತು. ಆಗ ಬಕೆಟ್ಟಿನಲ್ಲಿ ಹುಲ್ಲಪ್ಪನ ಪಾದ ತೊಳೆದ ನೀರು. ತನ್ನ ಬಾಟಲಿಯ ನೀರು ಎಷ್ಟಕ್ಕೆಂದು ಬಂದೀತು?

ನಾಲ್ಕನೇ ದಿನ ಹುಣ್ಣು ಬಾಯಿ ತೆರೆಯಿತು. ಆರನೇ ದಿನ ಹುಲ್ಲಪ್ಪನ ಪಾದದ ವಾಸನೆಯೇ ಏಳನೇ ಮಂಚದಿಂದ ಬರತೊಡಗಿತು. ಮೂಗಿಗೆ ಗೊತ್ತಾಗುವುದಕ್ಕೆ ಯಾವ ಓದು ಬೇಕು? ಜ್ವರದಲ್ಲಿ ತುಳಸೀಬಾಯಿ ಅವಳ ಕೈ ತಡಕಾಡಿದರು.

"ನನ್ನ ಹಸರು ಅರಿವಿ ಎಲ್ಲೆದ ತಂಗಿ?"

"ಒಗದು ಹಾಕೇನ್ರಿ ಬಾಯಾರ. ಒಣಗಾಕ್ಹತ್ತೈತಿ."

"ಲಗೂನ ತಾರವಾ."

"ತರ್ತೇನ್ರಿ."

ಹಸಿ ಸುಳ್ಳು. ಹೇಳಿ ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಹತ್ತನೇ ದಿನ ಬೆಳಗಾಗುವಾಗ ತುಳಸೀಬಾಯಿ ಹೋದರು. ಮುಮ್ತಾಜ ಬಂದಾಗ ಮೈ ತಣ್ಣಗಾಗಿತ್ತು, ಕೈಬೆರಳು ಮಾತ್ರ ಏನನ್ನೋ ಹಿಡಿಯುವಂತೆ ಮಡಚಿಕೊಂಡಿದ್ದವು. ಉಳಿದ ಏಳು ಮಂಚಗಳ ಕೆಲಸ ಮುಗಿಸುವ ಹೊತ್ತಿಗೆ ಡಾಕ್ಟರ ಕೋಣೆಯಿಂದ ಕರೆ ಬಂತು.

ಅಲ್ಲಿ ತುಳಸೀಬಾಯಿಯವರ ಮಗ ವಿಜಯೀಂದ್ರ ಕುಳಿತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವವರು, ಭಾನುವಾರಕ್ಕೊಮ್ಮೆ ಬರುವವರು. ಕಣ್ಣು ಕೆಂಪಾಗಿದ್ದವು. ಡಾಕ್ಟರ ಹಿಂದೆ, ಗೋಡೆಯಲ್ಲಿ, ಹೊಸ ಚೌಕಟ್ಟಿನಲ್ಲಿ ಸರ್ಟಿಫಿಕೇಟು. ಗಾಜಿನ ಮೇಜಿನ ಮೇಲೆ ಒಂದು ಕಾಗದ. ಲಕ್ಷ್ಮಪ್ಪ ಓದಿದ.

"ಆಯಾ ಮುಮ್ತಾಜ ಎಂಬ ನಾನು ಕೈ ಸ್ವಚ್ಛತೆಯ ನಿಯಮಗಳನ್ನು ಪಾಲಿಸದ ಕಾರಣ ರೋಗಿಗೆ ಸೋಂಕು ತಗುಲಿದ್ದು, ಇದಕ್ಕೆ ನಾನೇ ಹೊಣೆ... ಹೂಂ, ಸಹಿ ಮಾಡು."

"ನಿನ್ನ ಮ್ಯಾಲ ಪೊಲೀಸ್ ಕೇಸ್ ಆಗದಂಗ ನೋಡ್ಕೋತೇನಿ," ಎಂದ ಡಾಕ್ಟರ, ಮೆಲ್ಲಗೆ.

ವಿಜಯೀಂದ್ರ ಅವಳ ಮುಖ ನೋಡಲಿಲ್ಲ. "ಜೀವನಾ ಪೂರ್ತಿ ಮಡೀಲೆ ಬದುಕಿದ್ಲು ನಮ್ಮವ್ವ. ಕಡೀಕೆ ನಿಮ್ಮಂಥವರ ಹೊಲಸು ಕೈಯಾಗ ಸತ್ಲು."

ಮುಮ್ತಾಜ ಕಾಗದ ಮುಟ್ಟಲಿಲ್ಲ. ಅವಳು ತಿರುಗಿ ಹೊರಗೆ ಹೋದಳು. "ಏ, ಎಲ್ಲಿ ಹೊಂಟಿ ಹಾಟ್ಯಾನ ಮಗಳ!" ಎಂದು ಲಕ್ಷ್ಮಪ್ಪ ಕೂಗುತ್ತಿದ್ದಂತೆ ಮರಳಿ ಬಂದಳು. ಕೈಯಲ್ಲಿ ಬಕೆಟ್ಟು. ಎತ್ತಿ ಗಾಜಿನ ಮೇಜಿನ ಮೇಲೆ, ಕಾಗದದ ಪಕ್ಕದಲ್ಲೇ ಇಟ್ಟಳು. ಹಳದಿ ನೀರು ತುಳುಕಿತು. ಟರ್ಕಿ ಟವೆಲ್ಲು ಅದರಲ್ಲಿ ತೇಲುತ್ತಿತ್ತು. ಕೋಣೆಯ ತುಂಬ ಹುಲ್ಲಪ್ಪನ ಪಾದದ ವಾಸನೆ ಹಬ್ಬಿತು.

ಡಾಕ್ಟರ ಕುರ್ಚಿಯೊಂದಿಗೇ ಹಿಂದೆ ಸರಿದ. "ತಗೀ! ತಗೀ ಅದನ್ನ!"

"ಈಗ ಏಳು ಮಂಚ ಒರಸಿದ ನೀರ್ರಿ ಇದು," ಮುಮ್ತಾಜ ವಿಜಯೀಂದ್ರರಿಗೆ ಹೇಳಿದಳು. "ಇಂಥಾದ್ರಾಗ ಅದ್ದೇ ನಿಮ್ಮವ್ವಾರ ಮೈ ಒರಸೀನಿ, ಒಂಬತ್ತು ದಿನ. ನನ್ನ ಕೈಲೇ ಒರಸೀನಿ. ಖರೆ ಐತಿ, ಸುಳ್ಳ ಹೇಳೂದಿಲ್ಲ. ಬ್ಯಾರೆ ಬಕೆಟ್ ಕೇಳಿದ್ರ ಬೋಸಡಿ ಅಂದ್ರು. ನಮ್ಮಪ್ಪ ನೇಯ್ದ ಸೀರಿ ಹರದು ಮಂಚಕ್ಕೊಂದು ಅರಿವಿ ತಂದ್ರ ಸುಟ್ರು. ನಿಮ್ಮವ್ವ ಸಾಯೂತನಾ ಹಸರು ಅರಿವಿ ಕೇಳಿದ್ರು ನೋಡ್ರಿ..."

ಅವಳು ಡಾಕ್ಟರ ಕಡೆ ತಿರುಗಿದಳು.

"ಕೈ ತೊಳಕೋರಿ ಸಾಹೇಬ್ರ. ಆರೂ ನಮೂನಿ. ಆಮ್ಯಾಲ ಸಹಿ ಕೇಳ್ರಿ."

ಡಾಕ್ಟರನ ಕೈ ಮೇಜಿನ ಕೆಳಗೆ ಸರಿದವು. ಲಕ್ಷ್ಮಪ್ಪ ಬಕೆಟ್ಟಿನ ಕಡೆ ಒಂದು ಹೆಜ್ಜೆ ಇಟ್ಟವನು, ಹಿಡಿಕೆಯ ಮೇಲಿನ ಲೋಳೆ ಕಂಡು ನಿಂತ.

"ಬ್ಯಾಡೇನ್ರಿ?"

ಮುಮ್ತಾಜ ಮೊಣಕೈವರೆಗೂ ತನ್ನ ಬಲಗೈಯನ್ನು ಆ ನೀರಿಗೆ ಇಳಿಸಿದಳು. ತೆಗೆದು, ಹನಿಯುವ ಅಂಗೈಯನ್ನು ಅಗಲ ಬಿಚ್ಚಿ, ಕಾಗದದ ನಟ್ಟನಡುವೆ ಒತ್ತಿ ಹಿಡಿದಳು. ಅಕ್ಷರಗಳ ಮಸಿ ಅವಳ ಬೆರಳುಗಳ ಸುತ್ತ ಕದಡಿತು.

"ತಗೋರಿ ಸಹಿ."

ಅವಳು ಕೈ ಎತ್ತಿದಳು. ಐದು ಬೆರಳಿನ ಹಳದಿ ಗುರುತು ಕಾಗದದಲ್ಲಿ ನೆನೆದು ಅಗಲವಾಗುತ್ತ ಹೋಯಿತು. ವಿಜಯೀಂದ್ರ ಅದನ್ನೇ ನೋಡುತ್ತ ಕುಳಿತರು. ಲಕ್ಷ್ಮಪ್ಪ ಡಾಕ್ಟರನ ಮುಖ ನೋಡಿದ, ಡಾಕ್ಟರ ಲಕ್ಷ್ಮಪ್ಪನ ಮುಖ ನೋಡಿದ. ಮೂವರಲ್ಲಿ ಒಬ್ಬರೂ ಆ ಕಾಗದ ಎತ್ತಿಕೊಳ್ಳಲು ಕೈ ಚಾಚಲಿಲ್ಲ.