ಚುಕ್ಕಿ ಮುಟ್ಟುವ ಗೆರೆ

ಇಲ್ಲಿಯವರ ಗಾಳಿಪಟದ ಹಬ್ಬ ಉತ್ತರಾಯಣ ಮುಗಿದು ವಾರವಾಗಿತ್ತು. ಎರಡು ಸಾವಿರದ ಮೂರರ ಚಳಿಗಾಲ, ದೀಪ ಹಚ್ಚುವ ಹೊತ್ತು. ಮಂಜಲ್‌ಪುರದ ಬಾಡಿಗೆ ಮನೆಯ ಕಿಟಕಿಯಾಚೆ, ಕರೆಂಟಿನ ತಂತಿಗೆ ಸಿಕ್ಕ ಗಾಳಿಪಟದ ದಾರಗಳು ತೂಗುತ್ತಿದ್ದವು. ಒಳಗೆ ದೀಪ್ತಿ ನೆಲದ ಮೇಲೆ ಕುಳಿತು, ಹಾಳೆಯ ಮೇಲೆ ಸ್ಕೇಲಿಲ್ಲದೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುವುದು, ಅಳಿಸುವುದು ಮಾಡುತ್ತಿದ್ದಳು.

"ಜಲಜಕ್ಕಾ, ನೋಡ್ರಿ. ಮತ್ತ ಬಾಗಿತು."

ಗೆರೆ ನೆಟ್ಟಗೆ ಹೊರಟು, ಕೊನೆಯ ಚುಕ್ಕಿಯ ಹತ್ತಿರ ಬಂದಾಗ ಅದನ್ನು ಬಳಸಿಕೊಂಡು ಹೋಗಿತ್ತು. ಜಲಜಾಗೆ ಕಾರಣ ಗೊತ್ತಿತ್ತು. ಬಾಗಲಕೋಟೆಯ ಈ ಹುಡುಗಿ ದಿನಾ ಬೆಳಿಗ್ಗೆ ಹೊಸಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುವವಳು. ಅವಳ ಮನೆಯ ರೂಢಿಯಲ್ಲಿ ರಂಗೋಲಿಯ ಎಳೆ ಚುಕ್ಕಿಯನ್ನು ಮುಟ್ಟಬಾರದು, ಸುತ್ತಬೇಕು. ಕೈ ಅದನ್ನೇ ಕಲಿತುಬಿಟ್ಟಿತ್ತು.

"ನಿನ್ನ ಕೈಗೆ ಬೋಲ್ಟ್ ಬರಿಯಾಕ ಕೊಟ್ರ ಅದಕ್ಕೂ ಬಳ್ಳಿ ಹಬ್ಬಸ್ತೀ," ಎಂದು ಜಲಜಾ ನಕ್ಕಳು. ತಿದ್ದುವ ಬಗೆ ಹೇಳಲಿಲ್ಲ.

ಮಕರಪುರದ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಲೇ ಜಲಜಾಳ ಕೂದಲು ನರೆತಿತ್ತು. ಈ ಮನೆಯಲ್ಲಿ ಜೊತೆಗಿದ್ದವರು ಮದುವೆ, ವರ್ಗ ಎಂದು ಒಬ್ಬೊಬ್ಬರಾಗಿ ಹೋದರು. ಅದೇ ಕಾರ್ಖಾನೆಗೆ ಟ್ರೈನಿಯಾಗಿ ಸೇರಿದ ದೀಪ್ತಿ ಬಂದ ಮೇಲೆ ಅಡುಗೆಮನೆಯಲ್ಲಿ ಮತ್ತೆ ಕನ್ನಡ ಕೇಳಿಸುತ್ತಿತ್ತು. ರೊಟ್ಟಿ ಬಡಿಯುವ ಸದ್ದೂ.

ಆ ಮಧ್ಯಾಹ್ನವೇ ಕಾರ್ಖಾನೆಯ ಸಾಹೇಬರು ಹಿಂದಿಯಲ್ಲಿ ಹೇಳಿದ್ದರು: "ಜಲಜಾಬೆನ್, ಸೂರತ್ತಿನ ಸೈಟಿನಲ್ಲಿ ಕಂಪ್ಯೂಟರ್ ಇಲ್ಲ. ಯಂತ್ರದ ಪಕ್ಕ ನಿಂತು ಬರಿಗೈಯಲ್ಲಿ ಸ್ಕೆಚ್ ಹಾಕುವವರು ಬೇಕು. ಸೋಮವಾರದ ಪರೀಕ್ಷೆಯಲ್ಲಿ ನಿಮ್ಮ ಹುಡುಗಿ ಗೆದ್ದರೆ ಅಲ್ಲಿ ಕಾಯಂ. ಇಲ್ಲವೆಂದರೆ ಇಲ್ಲೇ ಟ್ರೈನಿಯಾಗಿ ಇರಲಿ."

ಜಲಜಾ ಸುಮ್ಮನಿದ್ದರೆ ಸಾಕಿತ್ತು.

ದೀಪ್ತಿ ಪೆನ್ಸಿಲ್ ಕೆಳಗಿಟ್ಟಳು. "ಹೋಗ್ಲಿ ಬಿಡ್ರಿ. ಫೇಲಾದ್ರ ಇಲ್ಲೇ ನಿಮ್ಮ ತಲಿ ತಿನ್ಕೋತ ಇರ್ತೀನಿ." ನಗುತ್ತಲೇ ಬಾಗಿದ ಗೆರೆಯನ್ನು ಮತ್ತೆ ಅಳಿಸತೊಡಗಿದಳು.

ಜಲಜಾ ಒಲೆ ಆರಿಸಿ ಬಂದು ಪಕ್ಕದಲ್ಲಿ ಕುಳಿತಳು. ಹಾಳೆಯ ಎರಡು ತುದಿಗೆ ಎರಡು ಚುಕ್ಕಿ ಇಟ್ಟಳು.

"ನೀ ಪೆನ್ಸಿಲ್ಲಿನ ಮೊನಿ ನೋಡ್ತೀ. ಅದನ್ನ ನೋಡಬ್ಯಾಡ. ಹೋಗಿ ಮುಟ್ಟೋ ಚುಕ್ಕಿ ಮ್ಯಾಲೆ ಕಣ್ಣಿಡು. ಬೆರಳಲ್ಲ, ಮೊಳಕೈಯಿಂದ ಎಳಿ. ನಡುವ ತಿರುಗಿ ನೋಡಬಾರದು."

ಗೆರೆ ಹೊರಟಿತು. ಸ್ವಲ್ಪ ನಡುಗಿತು, ಆದರೆ ಚುಕ್ಕಿಯನ್ನು ನೇರವಾಗಿ ಹೋಗಿ ಮುಟ್ಟಿತು.

"ಅಯ್ಯ, ಇಷ್ಟೇನಾ?"

"ಇಷ್ಟೇ."

ಆಮೇಲೆ ಚೌಕದೊಳಗೆ ವೃತ್ತ ಕೂರಿಸುವುದನ್ನೂ, ಕಾಣದ ಅಂಚಿಗೆ ತುಂಡುಗೆರೆ ಹಾಕುವುದನ್ನೂ ಹೇಳಿಕೊಟ್ಟಳು. ಅನ್ನ ತಣ್ಣಗಾಯಿತು.

ಸೋಮವಾರ ದೀಪ್ತಿ ಗೆದ್ದಳು. ಗುರುವಾರ ಬೆಳಿಗ್ಗೆ ಎಂದಿನಂತೆ ಹೊಸಿಲ ಮುಂದೆ ರಂಗೋಲಿ ಹಾಕಿ, ಚೀಲ ಹೊತ್ತು ಸೂರತ್ತಿನ ರೈಲಿಗೆ ಹೋದಳು. ಎಳೆ ಒಂದು ಚುಕ್ಕಿಯನ್ನೂ ಬಿಡದೆ ಸುತ್ತಿಕೊಂಡಿತ್ತು. ಶುಕ್ರವಾರ ಜಲಜಾ ಬಾಗಿಲ ಮುಂದೆ ಗುಡಿಸುವಾಗ ಆ ರಂಗೋಲಿಯ ಸುತ್ತ ಗುಡಿಸಿದಳು.